ಹೆಪ್ಪಿನ ನಕ್ಷೆ

ಲೆಕ್ಕ ತಪ್ಪಿಲ್ಲ, ಅದು ಖಾತ್ರಿ. ಮೂರು ಬೇರೆ ಬೇರೆ ದಾರಿಯಿಂದ ಮಾಡಿಯಾಯಿತು, ಮೂರು ಸಲವೂ ಅದೇ ಉತ್ತರ. ಹಾಗಿದ್ದರೆ ಈ ಅಳುಕು ಎಲ್ಲಿಂದ ಬಂತು? ಉತ್ತರ ಇಷ್ಟು ಚೊಕ್ಕವಾಗಿ ಬಂದದ್ದಕ್ಕೇ ಇರಬೇಕು. ಇನ್ನೂರ ಹನ್ನೆರಡು ಮನೆಗಳ ಮೂರು ತಿಂಗಳ ಮಾಹಿತಿಯನ್ನೆಲ್ಲ ಸುರಿದ ಮೇಲೆ ಕಂಪ್ಯೂಟರಿನ ತೆರೆಯಲ್ಲಿ ಮೂಡಿದ್ದು ಎರಡು ಗುಂಪು, ನಡುವೆ ಬರೀ ಮೂರು ಎಳೆ. ಮನುಷ್ಯರು ಇಷ್ಟು ನೇರವಾಗಿ ಸೀಳಿಹೋಗುತ್ತಾರೆಯೇ? ಅಥವಾ ಕೇಳಬೇಕಾದ್ದನ್ನು ನಾನು ಕೇಳಲೇ ಇಲ್ಲವೇ?

ಅಡಿವೆಪ್ಪ ಕಳಸದ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ತೆರೆಯ ಮೇಲಿನ ಎರಡು ಗುಂಪು ಎರಡಾಗಿಯೇ ಉಳಿದವು.

ಅವನ ಕೆಲಸವನ್ನು ಯಾರಿಗಾದರೂ ವಿವರಿಸುವುದು ಕಷ್ಟ. ಗಣಿತ ಓದಿದ್ದ, ಆದರೆ ಪಾಠ ಹೇಳುತ್ತಿರಲಿಲ್ಲ. ಸರಕಾರದ ಪುನರ್ವಸತಿ ಕೇಂದ್ರದಲ್ಲಿ ನಂಟುನಕ್ಷೆ ಬರೆಯುತ್ತಿದ್ದ. ಅಣೆಕಟ್ಟಿಗೆಂದೋ ರಸ್ತೆಗೆಂದೋ ಎಬ್ಬಿಸಿದ ಜನಕ್ಕೆ ಹಿಂದೆಲ್ಲ ಒಳ್ಳೆಯ ಮನೆಗಳನ್ನೇ ಕಟ್ಟಿಕೊಡುತ್ತಿದ್ದರು. ಆದರೂ ಎರಡು ವರ್ಷ ಕಳೆಯುವುದರೊಳಗೆ ವಯಸ್ಸಾದವರು ಒಬ್ಬೊಬ್ಬರಾಗಿ ಉದುರುತ್ತಿದ್ದರು. ಕಾಯಿಲೆ ಇರಲಿಲ್ಲ, ಎದುರುಮನೆಯವರು ಇರಲಿಲ್ಲ, ಅಷ್ಟೇ. ಕೊನೆಗೆ ಒಂದು ಕಾಯ್ದೆ ಬಂತು. ಯಾವ ಕೇರಿಯನ್ನಾದರೂ ಎಬ್ಬಿಸುವ ಮೊದಲು ಅಲ್ಲಿನ ನಂಟುಗಳನ್ನು ಅಳೆಯಬೇಕು. ಮನೆ ಹಂಚುವಾಗ ಆದಷ್ಟು ಕಡಿಮೆ ನಂಟು ಹರಿಯಬೇಕು. ಮನೆಯೊಂದು ಚುಕ್ಕಿ, ನಂಟೊಂದು ಎಳೆ, ಎಳೆಗೊಂದು ತೂಕ. ಎಲ್ಲಿ ಕತ್ತರಿ ಇಟ್ಟರೆ ಕಡಿಮೆ ತೂಕ ಹರಿಯುತ್ತದೆ ಎಂದು ಹುಡುಕುವುದೇ ಲೆಕ್ಕ.

ಈ ಸಲ ಏಳಬೇಕಾಗಿದ್ದದ್ದು ಹುಬ್ಬಳ್ಳಿಯ ಅಂಚಿನ ಒಂದು ಗಿರಣಿ ಚಾಳ, ಕಾರ್ಮಿಕರ ಸಾಲುಮನೆಗಳ ಕೇರಿ. ಹತ್ತಿ ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಚಾಳ ಮಾತ್ರ ಉಳಿದಿತ್ತು. ಈಗ ಆ ಜಾಗದಲ್ಲಿ ರೈಲಿನ ಹೊಸ ಹಳಿ ಬರಬೇಕು. ಜನಕ್ಕೆ ಎರಡು ಕಟ್ಟಡ ಸಿದ್ಧವಾಗಿದ್ದವು, ಒಂದು ಬೈಪಾಸಿನ ಪಕ್ಕ, ಇನ್ನೊಂದು ಕೆರೆಯ ಆಚೆ. ನಡುವೆ ಆರು ಕಿಲೋಮೀಟರ್. ಮೂರು ತಿಂಗಳು ಚಾಳಿನ ಜನರೆಲ್ಲ ಕೊರಳಲ್ಲಿ ಒಂದು ಬಿಲ್ಲೆ ಹಾಕಿಕೊಂಡಿದ್ದರು. ಇಬ್ಬರು ಎದುರುಬದುರು ಅರ್ಧ ನಿಮಿಷ ನಿಂತರೆ ಬಿಲ್ಲೆ ಅದನ್ನು ಬರೆದುಕೊಳ್ಳುತ್ತಿತ್ತು. ಅದರ ಜೊತೆಗೆ ಫೋನು, ಅದರ ಜೊತೆಗೆ ಒಂದು ಪ್ರಶ್ನೆಪಟ್ಟಿ: ಯಾರಿಂದ ಏನು ಇಸಗೊಳ್ಳುತ್ತೀರಿ, ಯಾರಿಗೆ ಏನು ಕೊಡುತ್ತೀರಿ.

ಬೇರೆ ಯಾರು ಹೋಗಿದ್ದರೂ ಚಾಳಿನವರು ಬಿಲ್ಲೆಯನ್ನು ಗಟಾರಕ್ಕೆ ಎಸೆಯುತ್ತಿದ್ದರು. ಅಡಿವೆಪ್ಪ ಹೇಳಿದ್ದಕ್ಕೆ ಹಾಕಿಕೊಂಡರು. ಅವನು ಅಲ್ಲೇ ಹುಟ್ಟಿದವನು; ಅಪ್ಪ ಅವ್ವನ ಜೊತೆ ಈಗಲೂ ಎಂಬತ್ತೇಳನೇ ನಂಬರಿನ ಮನೆಯಲ್ಲೇ ಇದ್ದ. ಕೇಂದ್ರ ಒಂದೇ ಷರತ್ತು ಹಾಕಿತ್ತು: ಅವನು ಕೈಯಾರೆ ಯಾವ ಎಳೆಯನ್ನೂ ಸೇರಿಸುವಂತಿಲ್ಲ, ಅದರಲ್ಲೂ ತನ್ನ ಮನೆಯದನ್ನು.

"ಕಳಸದವರೇ, ಇಷ್ಟು ಸ್ವಚ್ಛವಾದ ನಕ್ಷೆ ನಾನು ನೋಡೇ ಇಲ್ಲ," ಎಂದರು ಹಿಂದಿನಿಂದ ಬಂದ ನಿರ್ದೇಶಕರು. ಹಂಚಿನಾಳ ಅವರ ಹೆಸರು. ನಿವೃತ್ತಿಗೆ ಹತ್ತಿರವಾದ, ಸದಾ ಏಲಕ್ಕಿ ಅಗಿಯುವ ಮನುಷ್ಯ. "ಒಂದು ಗುಂಪು ಬೈಪಾಸಿಗೆ, ಒಂದು ಗುಂಪು ಕೆರೆಗೆ. ಸೋಮವಾರ ಸಹಿ ಮಾಡಿಬಿಡಿ."

"ಸ್ವಚ್ಛ ಜಾಸ್ತಿ ಆತು ಸರ್. ಹಾವು ಮುಂಗುಸಿ ಹಂಗಿದ್ದವರ ನಡುವನೂ ನೂರಕ್ಕ ಹತ್ತು ಎಳಿ ಇರ್ತಾವ. ಇಲ್ಲಿ ಮೂರ ಮೂರು."

"ನಿಮ್ಮ ಚಾಳದವರು ಹಾವು ಮುಂಗುಸಿಗಿಂತ ಗಟ್ಟಿ ಅಂತಾಯ್ತು," ಎಂದು ಹಂಚಿನಾಳರು ನಕ್ಕು ಹೋದರು.

ಆ ಮಾತೂ ಸುಳ್ಳಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಗಿರಣಿಯಲ್ಲಿ ಮುಷ್ಕರ ನಡೆದಿತ್ತು. ನಲವತ್ತೊಂದನೇ ದಿನ ಅರ್ಧ ಜನ ಗೇಟು ದಾಟಿ ಕೆಲಸಕ್ಕೆ ಹೋದರು. ಉಳಿದವರು ಇನ್ನೂ ಎರಡು ತಿಂಗಳು ಗೇಟಿನ ಹೊರಗೇ ಕೂತರು. ಅಂದಿನಿಂದ ಚಾಳದಲ್ಲಿ ಎರಡೇ ಜಾತಿ, ಹಿತ್ತಲ ಗೋಡೆಯ ಆಚೆ ಒಳಗಿನವರು, ಈಚೆ ಹೊರಗಿನವರು. ನಳ ಬೇರೆ, ಗಣಪತಿ ಬೇರೆ, ಹೆಣ ಹೊರುವ ಹೆಗಲೂ ಬೇರೆ. ಹೊರಗಿನವರ ಮುಂದಾಳು ಅಡಿವೆಪ್ಪನ ಅಪ್ಪ ಭರಮಪ್ಪ, ಮಗ್ಗದ ಖಾತೆಯ ನೇಕಾರ. ಒಳಗೆ ಹೋದವರಲ್ಲಿ ಮೊದಲನೆಯವನು ಹಿತ್ತಲ ಗೋಡೆಯ ಆಚೆಯ ಕೊಟ್ರಪ್ಪ, ಭರಮಪ್ಪನ ಜೀವದ ಗೆಳೆಯ. ಮಗಳು ಆಸ್ಪತ್ರೆಯಲ್ಲಿದ್ದಳು, ಅದಕ್ಕೇ ಹೋದ ಎಂದು ಎಲ್ಲರಿಗೂ ಗೊತ್ತಿತ್ತು. ಭರಮಪ್ಪ ಗೇಟಿನ ಸರಳು ಹಿಡಿದು ಆಣೆ ಮಾಡಿದ: ಒಳಗಿನವರ ಮನೆಯ ನೀರನ್ನೂ ಮುಟ್ಟುವುದಿಲ್ಲ. ನಾಲ್ಕು ವರ್ಷದ ಹಿಂದೆ ಕೊಟ್ರಪ್ಪ ತೀರಿಕೊಂಡ ದಿನ ಭರಮಪ್ಪ ಅಂಗಳದಲ್ಲಿ ಬಿಸಿಲಿಗೆ ಕೂತವನು ಸಂಜೆಯವರೆಗೆ ಏಳಲಿಲ್ಲ, ಉಣ್ಣಲೂ ಇಲ್ಲ. ಆದರೆ ಹೋಗಲಿಲ್ಲ.

ನಕ್ಷೆ ಮೂಡಿದ ಗುರುವಾರ ಮಧ್ಯಾಹ್ನ ಅಡಿವೆಪ್ಪ ಮನೆಯಲ್ಲಿ ಸುದ್ದಿ ಹೇಳಿದಾಗ ಭರಮಪ್ಪ ತೊಡೆ ತಟ್ಟಿದ.

"ನೋಡಿದೇನ್ಲೇ ಅಡಿವ್ಯಾ? ನಿನ್ನ ಮಷೀನಿಗೂ ತಿಳೀತು. ನಾ ಇಪ್ಪತ್ತೆಂಟು ವರ್ಷದಿಂದ ಅದನ್ನ ಹೇಳಾಕತ್ತೀನಿ. ಅವ್ರು ಬ್ಯಾರೆ, ನಾವು ಬ್ಯಾರೆ. ಅವ್ರು ಕೆರಿ ಕಡೆ ಹೋಗ್ಲಿ, ಸೊಳ್ಳಿ ಕಡಿಸಿಕೋತ ಕುಂದರ್ಲಿ."

"ಕೆರಿ ಕಡೆ ನಾವು ಅಪ್ಪಾ. ಅವ್ರು ಬೈಪಾಸಿಗೆ."

"ಹಂಗೇನು? ಹೋಗ್ಲಿ ಬಿಡು. ಕೆರಿ ಗಾಳಿ ಆರೋಗ್ಯಕ್ಕ ಚಲೋ."

ಅವ್ವ ಗಂಗವ್ವ ಒಲೆಯ ಮುಂದೆ ಕೂತು ಮೊಸರಿನ ಗಡಿಗೆಯ ಬಾಯಿ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು.

"ಆ ಎರಡು ಬಿಲ್ಡಿಂಗಿಗೆ ನಡುವ ಎಷ್ಟು ದೂರ ಆಕ್ಕೈತಿ, ಅಡಿವೆಪ್ಪಾ?"

"ಆರು ಕಿಲೋಮೀಟರ್ ಅವ್ವ."

"ಬಸ್ ಅದಾವೇನು?"

"ಎರಡು ಬಸ್ ಬದಲಿ ಮಾಡ್ಬೇಕು. ಯಾಕವ್ವ?"

"ಸುಮ್ನ ಕೇಳಿದೆ," ಎಂದವಳು ಗಡಿಗೆಯನ್ನು ಮೂಲೆಗೆ ಸರಿಸಿದಳು. ಆಮೇಲೆ ಊಟ ಮುಗಿಯುವವರೆಗೆ ಅವಳು ಮಾತಾಡಲಿಲ್ಲ. ಅಪ್ಪನಿಗೆ ಅದು ತಿಳಿಯಲಿಲ್ಲ. ಆ ಮನೆಯಲ್ಲಿ ಮಾತಾಡುವವನು ಯಾವಾಗಲೂ ಅವನೊಬ್ಬನೇ. ಅಡಿವೆಪ್ಪ ಚಿಕ್ಕಂದಿನಿಂದ ಅವ್ವನ ಮೌನಗಳನ್ನು ಎಣಿಸುತ್ತ ಬೆಳೆದವನು. ಸಿಟ್ಟಿನದು ಒಂದು, ದಣಿವಿನದು ಒಂದು. ಇದು ಅವೆರಡೂ ಅಲ್ಲ.

ಮರುದಿನ ಶುಕ್ರವಾರ ಧಾರವಾಡದಿಂದ ಫೋನು ಬಂತು. ಮಾಡಿದವಳು ತಬಸ್ಸುಮ್ ನದಾಫ. ಸೂಕ್ಷ್ಮಜೀವಿ ಶಾಸ್ತ್ರ ಅವಳ ವಿಷಯ. ಸ್ಥಳಾಂತರಕ್ಕೆ ಮೊದಲು ಜನರ ಹೊಟ್ಟೆಯ ಆರೋಗ್ಯ ಹೇಗಿದೆ ಎಂದು ನೋಡಲು ಚಾಳಿನ ಪ್ರತಿ ಮನೆಯಿಂದ ಒಂದು ಚಮಚ ಮೊಸರು ತೆಗೆದುಕೊಂಡು ಹೋಗಿದ್ದಳು.

"ಲೆಕ್ಕದ ಮಾಸ್ತರ, ಜಲ್ದಿ ಬರ್ರಿ. ನಿಮ್ಮ ಚಾಳದಾಗ ಎಲ್ಲಾರೂ ನಕಲು ಹೊಡದಾರ."

ಅವಳ ಲ್ಯಾಬಿನಲ್ಲಿ ಹುಳಿ ವಾಸನೆ ತುಂಬಿತ್ತು. ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸಿದ್ದಳು. ಕೆಳಗೆ ಒಂದೆರಡು ದಪ್ಪ ಕಾಂಡ, ಮೇಲೆ ಸಾವಿರ ಟಿಸಿಲು, ಪ್ರತಿ ಟಿಸಿಲಿನ ತುದಿಗೆ ಒಂದು ಮನೆಯ ನಂಬರು.

"ಮೊಸರಿನ ಬ್ಯಾಕ್ಟೀರಿಯಾ ದಿನಾ ಹುಟ್ಟಿ ದಿನಾ ಸಾಯ್ತಾವ," ಎಂದಳು. "ಆ ಗಡಿಬಿಡಿಯೊಳಗ ತಮ್ಮ ಪ್ರತಿ ಬರ್ಕೊಳ್ಳುವಾಗ ಸಣ್ಣ ಸಣ್ಣ ತಪ್ಪು ಮಾಡ್ತಾವ. ನೀವು ಪರೀಕ್ಷಾದಾಗ ನಕಲು ಹೊಡದವರನ್ನ ಹ್ಯಾಂಗ ಹಿಡೀತೀರಿ? ಇಬ್ಬರದೂ ಒಂದ ತಪ್ಪು ಇದ್ರ ಹಿಡೀತೀರಲ್ಲ? ಇದೂ ಹಂಗ. ಈ ಮನೀ ತಪ್ಪು ಆ ಮನೀ ಮೊಸರಿನಾಗ ಸಿಕ್ಕರ, ಹೆಪ್ಪು ಅಲ್ಲಿಂದ ಇಲ್ಲಿಗೆ ಹೋಗೇತಿ ಅಂತ ಅರ್ಥ. ತಪ್ಪು ಎಷ್ಟು ಕೂಡ್ಯಾವ ಅಂತ ಎಣಿಸಿದ್ರ ಎಷ್ಟು ವರ್ಷದ ಹಿಂದ ಹೋತು ಅನ್ನೂದೂ ಅಂದಾಜು ಸಿಗ್ತದ."

"ಪಾಕೀಟಿನ ಮೊಸರು?"

"ಹನ್ನೊಂದ ಮನಿ. ಉಳಿದವರೆಲ್ಲ ಪಾಕೀಟಿನ ಹೆಪ್ಪನ್ನ ಮನೀಗೆ ಸೇರಿಸಿಲ್ಲ. ಅದು ಎರಡನೇ ದಿನಾನ ಲೋಳಿ ಆಕ್ಕೈತಿ ಅಂತ ನಿಮ್ಮವ್ವನ ನಂಗ ಹೇಳಿದ್ರು." ಅವಳು ಕೋಲಿನಿಂದ ಚಿತ್ರ ತೋರಿಸಿದಳು. "ನೋಡ್ರಿ. ಇಷ್ಟು ಮನೀ ಹೆಪ್ಪು ಹಳೇದು, ಐವತ್ತು ವರ್ಷದಿಂದ ಹಂಗ ಬಂದೈತಿ. ಇನ್ನರ್ಧ ಮನೀದು ಮಾತ್ರ ಎಲ್ಲೋ ಒಂದು ಕಡೆ ತುಂಡಾಗಿ ಹೊಸದಾಗಿ ಹುಟ್ಟೇತಿ. ನೂರಾ ನಾಕು ಮನಿ, ಎಲ್ಲಾನೂ ಒಂದ ಕಾಲಕ್ಕ. ಇಪ್ಪತ್ತೆಂಟು ವರ್ಷದ ಹಿಂದ. ಏನಾಗಿತ್ತು ಆವಾಗ? ಇವ್ರ ಮನೀ ಹೆಪ್ಪೆಲ್ಲ ಸತ್ತು, ಹಳೇ ಮನಿಯವರಿಂದ ಇಸಗೊಂಡಾರ."

"ಮುಷ್ಕರ. ಹಾಲು ನಿಂತಿತ್ತು, ಕರಿ ಚಹಾ ಕುಡೀತಿದ್ವಿ," ಎಂದ ಅಡಿವೆಪ್ಪ. ಅವನಿಗೆ ಆಗ ಹನ್ನೊಂದು ವರ್ಷ. ಪಗಾರವಿಲ್ಲದೆ ಬಾಕಿ ಏರಿದ್ದಕ್ಕೆ ಹಾಲಿನವ ಹೊರಗಿನವರ ಮನೆಗಳಿಗೆ ಬರುವುದನ್ನು ಬಿಟ್ಟಿದ್ದ. ಎರಡು ತಿಂಗಳು ಕರಿ ಚಹಾ, ನೀರು ಸಾರು. ಹಾಲಿಲ್ಲದ ಮೇಲೆ ಹೆಪ್ಪು ಎಲ್ಲಿ ಬದುಕುತ್ತದೆ? ಗಡಿಗೆಗಳು ಒಣಗಿ ಬೋರಲು ಬಿದ್ದಿದ್ದವು. ಮುಷ್ಕರ ಮುರಿದ ವಾರ ಮತ್ತೆ ಹಾಲು ಬಂತು. ಮರುದಿನ ತಾಟಿನಲ್ಲಿ ಗಟ್ಟಿ ಮೊಸರು. ಆ ಮೊಸರು ಎಲ್ಲಿಂದ ಬಂತೆಂದು ಅವನು ಈವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಆಗ ಇಡೀ ಚಾಳದಲ್ಲಿ ಹಾಲು ಕಂಡಿದ್ದ ಗಡಿಗೆಗಳು ಒಳಗಿನವರ ಮನೆಯಲ್ಲಿ ಮಾತ್ರ ಇದ್ದವು.

ಪ್ರಶ್ನೆಪಟ್ಟಿಯಲ್ಲಿ ಅವನೇ ಕೇಳಿದ್ದ, ಯಾರಿಂದ ಏನು ಇಸಗೊಳ್ಳುತ್ತೀರಿ ಎಂದು. ಹೆಂಗಸರೆಲ್ಲ ಏನೂ ಇಲ್ಲ ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಆ ಕೇರಿಯಲ್ಲಿ ಸಕ್ಕರೆ ಕೊಟ್ಟರೆ ಕೊಟ್ಟ ಹಾಗೆ, ಹಿಟ್ಟು ಇಸಗೊಂಡರೆ ಇಸಗೊಂಡ ಹಾಗೆ. ಹೆಪ್ಪು ಕೊಡುವುದನ್ನು ಯಾರೂ ಕೊಡುವುದು ಎಂದು ಕರೆಯುತ್ತಿರಲಿಲ್ಲ. ತಿರುಗಿ ಕೊಡುವ ಮಾತಿರಲಿಲ್ಲ, ನೆನಪಿಡುವ ಮಾತೂ ಇರಲಿಲ್ಲ.

"ಇದು ನೋಡ್ರಿ, ನಂಗ ಭಾಳ ಸೇರಿದ್ದು," ಎಂದಳು ತಬಸ್ಸುಮ್. "ಎಂಬತ್ತೇಳು ಮತ್ತ ನೂರಿಪ್ಪತ್ತಾರು. ಮೊದಲ ನೂರಿಪ್ಪತ್ತಾರರಿಂದ ಎಂಬತ್ತೇಳಕ್ಕ ಬಂದೈತಿ. ಆಮ್ಯಾಲೆ ದಿನಾ ಅನ್ನೂ ಹಂಗ ಆಚೆ ಈಚೆ ಹೋಗಿ ಬಂದು, ಎರಡೂ ಮನಿ ಮೊಸರು ಒಂದ ಆಗಿಬಿಟ್ಟಾವ. ನಾಕು ವರ್ಷದ ಹಿಂದ ನೂರಿಪ್ಪತ್ತಾರರಾಗ ಹೆಪ್ಪು ಸತ್ತೈತಿ, ಯಾರರ ತೀರಿಕೊಂಡಿದ್ರೇನೋ, ಎಂಬತ್ತೇಳರಿಂದ ವಾಪಸ್ ಹೋಗೇತಿ. ಮಗಳು ತವರಿಗೆ ಬಂದಂಗ. ಯಾರ ಮನಿರೀ ಎಂಬತ್ತೇಳು?"

"ನೆನಪಿಲ್ಲ," ಎಂದ ಅಡಿವೆಪ್ಪ.

ಅವಳು ಅವನ ಮುಖ ನೋಡಿ ಕೋಲನ್ನು ಕೆಳಗಿಟ್ಟಳು. "ಚಹಾ ಕುಡೀರಿ," ಎಂದಳು ಮೆಲ್ಲಗೆ. "ಹಾಲು ಹಾಕಿದ್ದು."

ಅವನು ಅಂದು ಬೇಗ ಮನೆಗೆ ಬಂದ. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು ಎಂಬುದು ಚಾಳಿನ ಪದ್ಧತಿ. ಹಾಗಾದರೆ ಅದು ನಡೆಯುವುದು ಅದಕ್ಕೂ ಮೊದಲು, ಗಂಡಸರು ಕಟ್ಟೆಯ ಮೇಲೆ ಕೂತಿರುವ ಹೊತ್ತಿನಲ್ಲಿ. ಹಿತ್ತಲ ಕಿಟಕಿಯ ಬಳಿ ಪುಸ್ತಕ ಹಿಡಿದು ನಿಂತ. ಅವ್ವ ಒಂದು ಖಾಲಿ ಸ್ಟೀಲಿನ ಬಟ್ಟಲು ತಂದು ಗೋಡೆಯ ಮೇಲೆ, ದಾಸವಾಳದ ಟೊಂಗೆಯ ಕೆಳಗೆ ಇಟ್ಟು ಒಳಗೆ ಬಂದಳು. ತುಸು ಹೊತ್ತಿನ ಮೇಲೆ ಆಚೆಯಿಂದ ಬಳೆಯಿಲ್ಲದ ಒಂದು ಕೈ ಏರಿ ಬಟ್ಟಲನ್ನು ಒಯ್ದಿತು. ಅದು ಕೊಟ್ರಪ್ಪನ ಹೆಂಡತಿ, ನೂರಿಪ್ಪತ್ತಾರರ ರುದ್ರವ್ವನ ಕೈ. ಮತ್ತೆ ಬಟ್ಟಲು ಬಂದು ಕೂತಿತು, ಒಳಗೆ ಹೆಪ್ಪು, ಮೇಲೊಂದು ಬಾಳೆಲೆಯ ಚೂರು. ಅವ್ವ ಹೋಗಿ ತಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಕೆಮ್ಮಲೂ ಇಲ್ಲ. ಕೊರಳಲ್ಲಿ ಬಿಲ್ಲೆ ಇದ್ದಿದ್ದರೆ ಅದಕ್ಕೆ ಬರೆದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಒಲೆಯ ಪಕ್ಕದ ಗಡಿಗೆಯಲ್ಲಿ ನಿನ್ನೆಯ ಮೊಸರು ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಅವ್ವನಿಗೆ ಹೆಪ್ಪು ಬೇಕೇ ಆಗಿರಲಿಲ್ಲ.

"ಏನ್ ನೋಡಾಕತ್ತಿ?" ಎಂದಳು ಅವ್ವ.

"ಗಿಡ ನೋಡಾಕತ್ತಿದ್ದೆ."

"ಗಿಡಕ್ಕ ಏನಾಗೇತಿ?"

"ಏನಿಲ್ಲ. ಚಲೋ ಬೆಳದೈತಿ."

ಅವಳು ಬಟ್ಟಲನ್ನು ಸೆರಗಿನ ಮರೆಯಲ್ಲಿ ಹಿಡಿದೇ ಅವನನ್ನು ದಾಟಿ ಹೋದಳು.

ಆ ಶನಿವಾರ ಅಡಿವೆಪ್ಪ ಬಹಳ ಒದ್ದಾಡಿದ. ಸುಮ್ಮನೆ ಸಹಿ ಮಾಡಿದರೆ ಅವ್ವ ಕೆರೆಯ ಪಕ್ಕಕ್ಕೆ, ರುದ್ರವ್ವ ಬೈಪಾಸಿಗೆ. ಎರಡು ಬಸ್ಸು ಬದಲಿಸಿ ಒಂದು ಬೊಟ್ಟು ಹೆಪ್ಪು ಇಸಗೊಳ್ಳಲು ಯಾರೂ ಹೋಗುವುದಿಲ್ಲ. ಹೋಗಬೇಕೆಂದರೆ ಬಾಯಿಬಿಟ್ಟು ಕಾರಣ ಹೇಳಬೇಕು. ಇನ್ನು ಇದನ್ನು ಎತ್ತಿ ಹೇಳಿದರೆ? ಅಪ್ಪನ ಆಣೆ ಇಪ್ಪತ್ತೆಂಟು ವರ್ಷದಿಂದ ದಿನಕ್ಕೆರಡು ಸಲ ಅವನ ತಾಟಿನಲ್ಲೇ ಮುರಿಯುತ್ತಿದೆ ಎಂದು ಊರಿಗೆಲ್ಲ ತಿಳಿಯುತ್ತದೆ. ಅವ್ವ ಆಮೇಲೆ ಆ ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕೈಯಾರೆ ಎಳೆ ಸೇರಿಸುವಂತಿಲ್ಲ. ಸೇರಿಸಬೇಕಾದರೆ ಎಲ್ಲ ಮನೆಗಳದ್ದನ್ನೂ ಒಂದೇ ಅಳತೆಯಿಂದ ಸೇರಿಸಬೇಕು, ಮನೆಯವರ ಒಪ್ಪಿಗೆ ಪಡೆದು.

ಅದೇ ದಾರಿ ಎನಿಸಿತು. ಹಂಚಿನಾಳರಿಗೆ ಫೋನು ಮಾಡಿದ.

"ಮೊಸರೇ?" ಎಂದರು ಅವರು. ಏಲಕ್ಕಿ ಅಗಿಯುವ ಸದ್ದು ಕೇಳಿತು. "ನೂರಕ್ಕೆ ತೊಂಬತ್ತು ಮನೆಯವರ ಸಹಿ ತನ್ನಿ, ಸೋಮವಾರದೊಳಗೆ. ಯಾರು ಸಹಿ ಮಾಡ್ಬೇಕು? ಯಜಮಾನರಾ?"

"ಹೆಪ್ಪು ಹಾಕೋರು, ಸರ್."

ಭಾನುವಾರ ಬೆಳಿಗ್ಗೆ ಅವನು ಒಪ್ಪಿಗೆ ಕಾಗದದ ಕಟ್ಟು ಹಿಡಿದು ಮೊದಲು ತನ್ನ ಮನೆಯಲ್ಲೇ ಕೂತ. ಭರಮಪ್ಪ ಇಣುಕಿ ನೋಡಿ ನಕ್ಕ. "ಮೊಸರಿಗೂ ಸರಕಾರ ಬಂತೇನ್ಲೇ? ನಾಳಿ ಉಪ್ಪಿನಕಾಯಿಗೂ ಕಲೆಕ್ಟರು ಬರ್ತಾನ ನೋಡು," ಎಂದು ಕಟ್ಟೆಗೆ ಹೋದ. ಅಲ್ಲಿಂದಲೂ ಅವನ ನಗು ಕೇಳಿಸುತ್ತಿತ್ತು.

ಗಂಗವ್ವ ಕಾಗದವನ್ನು ದೂರ ಹಿಡಿದು ನಿಧಾನವಾಗಿ ಓದಿದಳು.

"ಯಾರ ಮನೀ ಮೊಸರು ಯಾರ ಮನೀದು ಅಂತ ಇದರಾಗ ತಿಳೀತೈತೇನು?"

"ಮಷೀನಿಗೆ ತಿಳೀತೈತಿ. ಹೆಸರು ಎಲ್ಲೂ ಬರೂದಿಲ್ಲ ಅವ್ವ. ಯಾರೂ ಓದೂದಿಲ್ಲ."

"ನೀನೂ ಓದೂದಿಲ್ಲೇನು?"

ಅವ್ವ ಅವನನ್ನೇ ನೋಡುತ್ತಿದ್ದಳು, ಅವನು ಕಾಗದ ನೋಡುತ್ತಿದ್ದ.

"ಪೆನ್ ಕೊಡು," ಎಂದಳು ಅವ್ವ.

ಸಹಿ ಮಾಡಿ ಕಟ್ಟನ್ನು ಅವನ ಕೈಗೆ ಮರಳಿಸಲಿಲ್ಲ. ಸೆರಗು ಸರಿಮಾಡಿಕೊಂಡು ತಾನೇ ತೆಗೆದುಕೊಂಡು ಹೊರಟಳು. ಅಡಿವೆಪ್ಪ ಕಿಟಕಿಯಿಂದ ನೋಡಿದ. ಹೊರಗಿನವರ ನಳದ ಬಳಿ ಹೆಂಗಸರು ಕೊಡ ಕೆಳಗಿಟ್ಟು ಕಾಗದ ಓದಿದರು. ಓದು ಬಾರದವರಿಗೆ ಓದಿ ಹೇಳಿದರು. ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅರ್ಧ ಕಟ್ಟು ಅಲ್ಲೇ ಉಳಿಯಿತು; ಉಳಿದರ್ಧ ಹೇಗೆ ಗೋಡೆ ದಾಟಿತೋ ಅವನು ನೋಡಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಕಟ್ಟು ಮರಳಿ ಬಂತು. ಇನ್ನೂರ ಹನ್ನೆರಡರಲ್ಲಿ ಇನ್ನೂರ ಆರು ಸಹಿ. ಎಷ್ಟೋ ಕಾಗದಗಳ ಮೇಲೆ ಹೆಬ್ಬೆಟ್ಟು, ಒಂದೆರಡರ ಮೇಲೆ ಅರಿಸಿನದ ಕಲೆ. ನೂರಿಪ್ಪತ್ತಾರರ ಕಾಗದದಲ್ಲಿ ಮಾತ್ರ ಸಹಿಯ ಕೆಳಗೆ ಒಂದು ಸಾಲು: "ಲಗೂ ಮಾಡ್ರಿ."

ಸೋಮವಾರ ಲೆಕ್ಕ ಮತ್ತೆ ಓಡಿತು. ಹೆಪ್ಪಿನ ಎಳೆಗಳು ಬಿದ್ದ ಕೂಡಲೇ ಆ ಎರಡು ಗುಂಪುಗಳ ನಡುವಿನ ಖಾಲಿ ಜಾಗ ಕಾಣದಾಯಿತು. ಒಳಗೆ ಹೊರಗೆ ಎಂದು ಕತ್ತರಿಸಿದರೆ ಈಗ ನಾನೂರ ಹದಿನೇಳು ಎಳೆ ಹರಿಯುತ್ತಿದ್ದವು. ಚಾಳನ್ನು ಅಡ್ಡಕ್ಕೆ, ಸಾಲುಸಾಲಾಗಿ, ಹಿತ್ತಲಿಗೆ ಹಿತ್ತಲು ಜೋಡಿಯಾಗಿಟ್ಟು ಕತ್ತರಿಸಿದರೆ ಅರವತ್ತೊಂಬತ್ತು. ಅಡಿವೆಪ್ಪ ಎರಡನೆಯದಕ್ಕೆ ಸಹಿ ಮಾಡಿದ. ಬುಧವಾರ ಚಾಳಿನವರ ಸಭೆ ಎಂದು ಎರಡೂ ನಳಗಳ ಬಳಿ ಚೀಟಿ ಅಂಟಿಸಿದ.

ಸಭೆ ಗಿರಣಿಯ ಹಳೆಯ ಶಾಲೆಯಲ್ಲಿ ಸೇರಿತು. ಗಂಡಸರು ಮುಂದೆ, ಎರಡು ಬದಿಗೆ ಎರಡು ಪಂಗಡವಾಗಿ. ಹೆಂಗಸರು ಹಿಂದೆ. ಹಂಚಿನಾಳರು ಹೊಸ ಹಂಚಿಕೆ ಓದಿ ಮುಗಿಸುವುದರೊಳಗೆ ಭರಮಪ್ಪ ಎದ್ದು ನಿಂತಿದ್ದ.

"ಇದು ಯಾವ ಲೆಕ್ಕರೀ ಸಾಹೇಬ್ರ? ಮೊದಲ ಒಂದು ಆಗಿತ್ತಲ್ಲ, ಅದು ಚಲೋ ಇತ್ತು. ನಮ್ಮ ಮನೀ ಎದುರಿಗೆ ಅವ್ರ ಮನಿ ಕೊಟ್ಟೀರಿ! ಯಾವ ನಂಟಿಗೆ ಕೊಟ್ರಿ?"

"ನಾಲ್ಕನೇ ಅಳತೆ ಒಂದು ಸೇರಿದೆ, ಯಜಮಾನರೇ. ಮನೆಯ ಆಹಾರಕ್ಕೆ ಸಂಬಂಧಪಟ್ಟದ್ದು."

"ಆಹಾರ! ಇಪ್ಪತ್ತೆಂಟು ವರ್ಷದಿಂದ ನಾವು ಅವ್ರ ಮನೀ ನೀರು ಸೈತ ಮುಟ್ಟಿಲ್ಲ. ಬೇಕಾದವರನ್ನ ಕೇಳ್ರಿ. ಇಲ್ಲೇ ಕುಂತಾರ ಎಲ್ಲಾರೂ."

ಹಿಂದೆ ಇನ್ನೂರು ಹೆಂಗಸರು ಕೂತಿದ್ದರು. ಯಾರೋ ಕೆಮ್ಮಿದರು. ಇನ್ಯಾರೋ ನಗು ತಡೆಯಲಾರದೆ ಮಡಿಲಲ್ಲಿದ್ದ ಮೊಮ್ಮಗುವಿನ ತಲೆಯ ಹಿಂದೆ ಮುಖ ಮುಚ್ಚಿಕೊಂಡರು.

ಭರಮಪ್ಪ ಮಗನ ಕಡೆ ತಿರುಗಿದ. "ನೀ ಹೇಳೋ. ನೀನ ಮಾಡೀಯಲ್ಲ. ನಮ್ಮ ಮನೀಗೂ ಆ ಮನೀಗೂ ಏನು ನಂಟು?"

ಅಡಿವೆಪ್ಪ ಎದ್ದ. ಹಿಂದಿನ ಸಾಲಿನಲ್ಲಿ ಅವ್ವನ ಮುಖ ಕಂಡಿತು. ಅವಳಿಂದ ನಾಲ್ಕು ಮಾರು ದೂರದಲ್ಲಿ, ಇನ್ನೊಂದು ಬದಿಗೆ, ರುದ್ರವ್ವನ ಮುಖ. ಇಬ್ಬರೂ ನೆಲ ನೋಡುತ್ತಿದ್ದರು.

"ಮನಿ ಮನೀದು ಬಿಡಿಸಿ ಹೇಳಾಕ ಕಾಯ್ದೆ ಒಪ್ಪೂದಿಲ್ಲ ಅಪ್ಪಾ. ನಕ್ಷೆ ಅಷ್ಟ ತೋರಿಸಬಹುದು."

"ಹಂಗಾರ ತೋರಿಸು."

ಗೋಡೆಯ ಮೇಲೆ ನಕ್ಷೆ ಬಿತ್ತು. ಮೊದಲು ಬಿಲ್ಲೆಗಳ ಎಳೆ, ಉದ್ದುದ್ದಕ್ಕೆ ಎರಡು ಪಟ್ಟಿ. ಆಮೇಲೆ ಹೆಪ್ಪಿನ ಎಳೆ, ಅಡ್ಡಡ್ಡಕ್ಕೆ, ಈ ಪಟ್ಟಿಯಿಂದ ಆ ಪಟ್ಟಿಗೆ, ನೂರಾರು. ಹೆಸರಿಲ್ಲ, ನಂಬರಿಲ್ಲ. ಭರಮಪ್ಪ ಬಯ್ಯಲು ಬಾಯಿ ತೆರೆದವನು ಹಾಗೇ ನಿಂತ. ನಲವತ್ತು ವರ್ಷ ಮಗ್ಗದ ಮುಂದೆ ನಿಂತ ಕಣ್ಣು ಅದು. ಎರಡು ಹೆಜ್ಜೆ ಮುಂದೆ ಹೋಗಿ, ಅಡ್ಡ ಎಳೆಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ.

"ಹೊಕ್ಕು," ಎಂದ, ಯಾರಿಗೂ ಅಲ್ಲ ಎಂಬಂತೆ. ಹಾಸಿನ ಉದ್ದ ಎಳೆಗಳನ್ನು ಅಡ್ಡಕ್ಕೆ ಹಿಡಿದು ಬಟ್ಟೆ ಮಾಡುವ ಎಳೆಗೆ ನೇಕಾರರು ಹೊಕ್ಕು ಎನ್ನುತ್ತಾರೆ.

"ತಕರಾರು ಇದ್ದವರು ಏಳು ದಿನದೊಳಗೆ ಬರೆದು ಕೊಡಬಹುದು," ಎಂದರು ಹಂಚಿನಾಳರು. "ಮುಂದಾಳುಗಳು ಕೊಟ್ಟರೆ ಹಂಚಿಕೆ ನಿಲ್ಲುತ್ತದೆ."

ಆ ಏಳು ದಿನ ಮನೆಯಲ್ಲಿ ಉಸಿರಾಡಲೂ ಭಯ. ಭರಮಪ್ಪ ದಿನವೂ ಬಿಳಿ ಹಾಳೆ ತೆಗೆದು ಕಟ್ಟೆಯ ಮೇಲೆ ಕೂರುತ್ತಿದ್ದ. "ಮಾನ್ಯರೇ" ಎಂದು ಬರೆದು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ರಸ್ತೆ ನೋಡುತ್ತಿದ್ದ. ಗಂಗವ್ವ ಬಟ್ಟಲನ್ನು ಗೋಡೆಯ ಮೇಲಿಡುವುದನ್ನು ನಿಲ್ಲಿಸಿದಳು. ಅಡಿವೆಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹೇಳದೆಯೂ ಕೆಡಿಸಿಬಿಟ್ಟೆನೇ?

ಏಳನೇ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಗಂಗವ್ವ ಗಂಡನ ತಾಟಿಗೆ ಅನ್ನ ಹಾಕಿ, ಮೊಸರು ಹಾಕಿದಳು. ಅವನು ಕಲಸುತ್ತ ಕಲಸುತ್ತ ತಲೆ ಎತ್ತದೆ ಕೇಳಿದ.

"ಅಡಿವ್ಯಾ. ನಮ್ಮ ಮನೀಗೂ ಕೊಟ್ರ್ಯಾನ ಮನೀಗೂ ಇರೋ ಎಳಿ ಎಷ್ಟು ದಪ್ಪ ಐತಿ?"

ಇಪ್ಪತ್ತೆಂಟು ವರ್ಷದಲ್ಲಿ ಅಪ್ಪನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಅವ್ವ ಮೊಸರಿನ ಹುಟ್ಟನ್ನು ಗಡಿಗೆಗೆ ಇಳಿಸಿದಳು.

"ದಪ್ಪ ಐತಿ ಅಪ್ಪಾ."

"ಭಾಳ?"

"ಚಾಳದಾಗ ಅದಕ್ಕಿಂತ ದಪ್ಪಂದು ಇನ್ನೊಂದಿಲ್ಲ."

ಭರಮಪ್ಪ ಒಂದು ತುತ್ತು ಉಂಡ. ಇನ್ನೊಂದು ಉಂಡ. "ಹೂಂ," ಎಂದ. "ಇನ್ನಷ್ಟು ಮೊಸರು ಹಾಕು," ಎಂದು ಹೆಂಡತಿಯ ಕಡೆ ತಾಟು ಸರಿಸಿದ. ಅವಳು ಹಾಕುವಾಗ ಹುಟ್ಟು ತಾಟಿಗೆ ತಾಗಿ ಸದ್ದಾಯಿತು. ಊಟವಾದ ಮೇಲೆ ಕಟ್ಟೆಯ ಮೇಲಿದ್ದ ಹಾಳೆಯನ್ನು ಮಡಚಿ, ಅಲುಗುತ್ತಿದ್ದ ಕುರ್ಚಿಯ ಕಾಲಿನ ಕೆಳಗೆ ಇಟ್ಟು, ಅದರ ಮೇಲೆ ಕೂತು ನಿದ್ದೆ ಹೋದ.

ಮಾರ್ಗಶಿರದಲ್ಲಿ ಚಾಳ ಎದ್ದಿತು. ಕೆರೆಯ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ ಎರಡೂ ಮನೆಗಳಿಗೆ ಎದುರುಬದುರು ಬಾಗಿಲು, ನಡುವೆ ನಾಲ್ಕು ಅಡಿಯ ಓಣಿ. ಮೊದಲ ದಿನ ಸಾಮಾನು ಏರಿಸಿ ಸುಸ್ತಾದ ಭರಮಪ್ಪ ಓಣಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ರುದ್ರವ್ವ ಕೊಡ ಹಿಡಿದು ಬಾಗಿಲಿಗೆ ಬಂದವಳು ಅವನನ್ನು ಕಂಡು ಹಿಂದೆ ಸರಿಯಲು ಹೋದಳು.

"ನಿಮ್ಮ ನಳಕ್ಕ ನೀರು ಬರಾಕತ್ತಾವೇನು?" ಎಂದ ಭರಮಪ್ಪ, ಗೋಡೆ ನೋಡುತ್ತ.

ಅವಳು ಕೊಡವನ್ನು ಇನ್ನೊಂದು ಕೈಗೆ ಬದಲಿಸಿದಳು. "ಇನ್ನಾ ಇಲ್ಲರಿ ಅಣ್ಣಾರ."

"ನಮ್ಮನ್ಯಾಗ ಬಂದಾವ. ತುಂಬ್ಕೊಂಡು ಹೋಗ್ರಿ."

ಒಳಗೆ ಗಂಗವ್ವ ನಳವನ್ನು ದೊಡ್ಡದಾಗಿ ತಿರುಗಿಸಿದಳು. ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಕೊಡ ತುಂಬುವವರೆಗೆ ಎದುರುಬದುರು ನಿಂತರು. ಅರ್ಧ ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು. ಕೊರಳಲ್ಲಿ ಬಿಲ್ಲೆಗಳು ಆಗಲೇ ಇರಲಿಲ್ಲ. ಏನು ಮಾತಾಡಿದರೋ ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅಡಿವೆಪ್ಪ ಹೊರಗಿನ ಕೋಣೆಯಲ್ಲಿ ಪುಸ್ತಕದ ಪೆಟ್ಟಿಗೆ ಬಿಚ್ಚುತ್ತಿದ್ದ. ಎದ್ದು ಹೋಗಿ ಕೇಳಿಸಿಕೊಳ್ಳಬಹುದಾಗಿತ್ತು, ಹೋಗಲಿಲ್ಲ.

ಭರಮಪ್ಪ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ. ದಿನಕ್ಕೆರಡು ಸಲ ಮೊಸರನ್ನ ಉಂಡ. ಆ ಮೊಸರು ಕೊಟ್ರಪ್ಪನ ಮನೆಯ ಹೆಪ್ಪಿನದು ಎಂದು ಅಡಿವೆಪ್ಪ ಅಪ್ಪನಿಗೆ ಒಮ್ಮೆಯೂ ಹೇಳಲಿಲ್ಲ.